ಹೊಸ ಮನೆಗೆ ಬಚ್ಚಲ ಒಲೆ

ಉಡುಪಿ, ಕಾರ್ಕಳ, ಕಾಪು ಕಡೆಗಳಲ್ಲಿ ಹೊಸ ತಾರಸಿ ಮನೆ ಕಟ್ಟಿಸುವವರು ನೆಲದ ಹಾಸನ್ನು ಹತ್ತು ಅಂಗಡಿ ಸುತ್ತಿ ಆರಿಸುತ್ತಾರೆ. ಬಚ್ಚಲ ಹಂಡೆಯ ಒಲೆಯನ್ನು ಮಾತ್ರ ಮೇಸ್ತ್ರಿಯ ಇಷ್ಟಕ್ಕೆ ಬಿಡುತ್ತಾರೆ. ತೋಟವಿದ್ದ ಮೇಲೆ ಮಡಲು, ಗೆರಟೆ, ತೆಂಗಿನ ಸಿಪ್ಪೆಗಳಿಗೆ ಕೊರತೆಯಿಲ್ಲ. ಅವುಗಳಿಂದ ನೀರು ಕಾಯಿಸುವುದು ಸರಿಯೇ. ಆದರೆ ಹಳೆಯ ಮನೆಯ ಒಲೆಯನ್ನು ಇದ್ದಂತೆಯೇ ಹೊಸ ಮನೆಯಲ್ಲಿ ಹೂಡುವುದು ಸರಿಯಲ್ಲ.

ಹಂಚಿನ ಮಾಡಿಗೆ ಸಂದುಗಳಿದ್ದುವು. ಹೊಗೆ ಅವುಗಳಲ್ಲಿ ನುಸುಳಿ ಹೋಗುತ್ತಿತ್ತು. ಹೋಗುವಾಗ ಮಾಡಿನ ಮರವನ್ನು ಒಣಗಿಸಿ ಹುಳುವಿನಿಂದ ಕಾಯುತ್ತಲೂ ಇತ್ತು. ಕಾಂಕ್ರೀಟಿಗೆ ಆ ಉಪಕಾರ ಬೇಕಿಲ್ಲ, ಸಂದೂ ಇಲ್ಲ. ಗಾಜಿನ ಕಿಟಕಿಯನ್ನೂ ಮುಚ್ಚಿದಿರೆಂದರೆ ಬೆಂಕಿ ನಿಮ್ಮ ಉಸಿರಿನ ಗಾಳಿಯನ್ನೇ ಉಣ್ಣತೊಡಗುತ್ತದೆ. ಗಾಳಿ ಸಾಲದೆ ಉರಿದಾಗ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ನಿಂತು ಬರಿಯ ಕೆಂಡ ಉಳಿದಾಗಲೂ ಅದು ಬರುತ್ತದೆ. ಬಾಗಿಲು ಹಾಕಿಕೊಂಡು ಮೀಯುವವರಿಗೆ ತಲೆ ಸುತ್ತುವವರೆಗೂ ಸುಳಿವು ಸಿಗದು. ಸುಳಿವು ಸಿಕ್ಕಾಗ ಏಳುವ ಶಕ್ತಿ ಉಳಿದಿರದು.

ಆದುದರಿಂದ ಮೊದಲು ನಿಶ್ಚಯಿಸಬೇಕಾದುದು ಒಲೆಯ ಬಾಯಿ ಎಲ್ಲಿರಬೇಕೆಂಬುದನ್ನು. ಹಂಡೆ ಒಳಗಿರಲಿ, ಬಾಯಿ ಹೊರಗೋಡೆಯ ಆಚೆ, ಮಳೆ ಬೀಳದಂತೆ ಒಂದು ಮರೆಯ ಕೆಳಗೆ ಇರಲಿ. ಒಲೆಗೂ ಬಚ್ಚಲಿಗೂ ನಡುವೆ ಬಿರುಕಿರಕೂಡದು. ಶೀತದೇಶಗಳಲ್ಲಿ ಬಿಗಿಯಾಗಿ ಕಟ್ಟುವ ಹೊಸ ಮನೆಗಳ ಅಗ್ಗಿಷ್ಟಿಕೆಗೆ ಬೇರೊಂದು ಕೊಳವೆಯಿಂದ ಹೊರಗಾಳಿ ಒದಗಿಸುವುದೂ ಇದೇ ಉದ್ದೇಶದಿಂದ.

ಆಮೇಲೆ ಚಿಮಣಿ. (ನಮ್ಮ ಕಡೆ ಚಿಮಣಿಯೆಂದರೆ ಸೀಮೆಎಣ್ಣೆಯ ದೀಪ, ನಾನು ಹೇಳುತ್ತಿರುವುದು ಹೊಗೆಕೊಳವೆಯನ್ನು.) ಬಿಸಿಹೊಗೆ ಹಗುರ, ತಾನಾಗಿ ಮೇಲೇರುತ್ತದೆ. ಕೊಳವೆ ನೆಟ್ಟಗೆ ತಾರಸಿಯನ್ನು ದಾಟಿ ನಿಲ್ಲಬೇಕು, ತುದಿಗೆ ಮಳೆಯ ಟೊಪ್ಪಿಗೆ ಬೇಕು. ಕಾಪುವಿನ ಉಪ್ಪುಗಾಳಿಗೆ ಸಾದಾ ತಗಡು ಬೇಗ ತುಕ್ಕು ಹಿಡಿಯುವುದರಿಂದ ಇಟ್ಟಿಗೆಯದೇ ಲೇಸು. ಒಲೆಯಿರುವ ಕೋಣೆಗೆ ಗಾಳಿ ಹೊರದೂಡುವ ಫ್ಯಾನನ್ನು ಹಾಕಿಸಬೇಡಿ. ಮೇಲೇರುವ ಹೊಗೆಯನ್ನು ಅದು ಕೆಳಕ್ಕೆಳೆದೀತು.

ಅಡುಗೆಗೂ ಕಟ್ಟಿಗೆ ಬೇಕೆನ್ನುವವರು 'ಅಸ್ತ್ರ' ಒಲೆಯನ್ನು ವಿಚಾರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ಕೊಡುಗೆ ಅದು. ಒಂದೇ ಬೆಂಕಿಗೆ ಮೂರು ಪಾತ್ರೆ, ಕೆಳಗೆ ಗಾಳಿಗೆ ಜಾಲರಿ, ಹಿಂದೆ ಹೊಗೆಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಪಾಲು ಪಾತ್ರೆಗೆ ತಾಗದೆ ಪೋಲಾಗುತ್ತದೆ. ಇದರಲ್ಲಿ ಅದೇ ಅಡುಗೆಗೆ ಕಡಮೆ ಕಟ್ಟಿಗೆ ಸಾಕು.

ಮಣಿಪಾಲದ ಫ್ಲಾಟುಗಳಲ್ಲಿರುವವರಿಗೆ ಕಟ್ಟಿಗೆಯ ಮಾತೇ ಬೇಡ. ಉಳಿದವರು ಪ್ರತಿವರ್ಷ ಮೇ ತಿಂಗಳಲ್ಲಿ ಕೊಳವೆಯ ಮಸಿ ತೆಗೆಸಿ, ಮಳೆಗಾಲದ ಸೌದೆಯನ್ನು ನೆನೆಯದಂತೆ ಒಟ್ಟಿಟ್ಟುಕೊಳ್ಳಿ. ಹಸಿ ಸೌದೆಗೆ ಯಾವ ಒಲೆಯೂ ಒಗ್ಗದು.