ಡಬ್ಬಾವಾಲರ ಶಿಸ್ತು ಮತ್ತು ಸ್ಕ್ರಮ್ ಪದ್ಧತಿ

ರಗ್ಬಿ ಆಟದಿಂದ ಎರವಲು ಬಂದ ‘ಸ್ಕ್ರಮ್’ ಪದ್ಧತಿಯನ್ನು ಕೆನ್ ಶ್ವೇಬರ್ ಹಾಗೂ ಜೆಫ್ ಸದರ್‌ಲ್ಯಾಂಡ್ ಅವರು 1995ರಲ್ಲಿ ತಂತ್ರಾಂಶ ಕ್ಷೇತ್ರದ ಮುಂದೆ ವಿಧಿವತ್ತಾಗಿ ಮಂಡಿಸಿದರು. ಸಾಮಾನ್ಯವಾಗಿ 10 ಮಂದಿಗೆ ಮೀರದ ತಂಡ, ತಿಂಗಳಿಗೆ ಮೀರದ ‘ಸ್ಪ್ರಿಂಟ್’ ಎಂಬ ಕಾರ್ಯಾವಧಿ, ದಿನವೂ 15 ನಿಮಿಷಗಳ ಸಮಾಲೋಚನೆ ಇವು ಅದರ ಚೌಕಟ್ಟು.

ಈ ಸಮಾಲೋಚನೆಯ ಮರ್ಮವನ್ನರಿಯಲು 1890ರಲ್ಲಿ ಆರಂಭವಾದ ಮುಂಬಯಿಯ ಡಬ್ಬಾವಾಲರ ವ್ಯವಸ್ಥೆಯನ್ನು ಗಮನಿಸಬಹುದು. ಅಲ್ಲಿ ಮುಕಾದಮನೂ ದುಡಿಯುವವರಲ್ಲೊಬ್ಬ. ಒಬ್ಬನು ಬಾರದಿದ್ದರೆ ಅವನ ಹೊರೆಯನ್ನು ತಂಡವೇ ಹೊರುತ್ತದೆ. ತಂತ್ರಾಂಶ ತಂಡದ ಸಮಾಲೋಚನೆಯೂ ಇಂತಹ ಪರಸ್ಪರ ಹೊಂದಾಣಿಕೆಗಾಗಿಯೇ ಇರುವುದು. ಅದು ಮೇಲಧಿಕಾರಿಗೆ ಒಪ್ಪಿಸುವ ವರದಿಯಾದೊಡನೆ ಸ್ಕ್ರಮ್ ಬರಿಯ ಆಚಾರವಾಗುತ್ತದೆ.

ಆದರೆ ಡಬ್ಬಿಯ ವಿಳಾಸ ಸ್ಥಿರವಾದುದು. ತಂತ್ರಾಂಶದ ಗುರಿಯಾದರೋ ಬಳಕೆದಾರರ ಅಗತ್ಯದೊಡನೆ ಬದಲಾಗುತ್ತದೆ. ಆದುದರಿಂದ ಪ್ರತಿ ಸ್ಪ್ರಿಂಟ್‌ನ ಕೊನೆಯಲ್ಲಿ ಮಾಡಿದ ಕೆಲಸವನ್ನೂ ಮಾಡಿದ ಬಗೆಯನ್ನೂ ಪರಾಮರ್ಶಿಸಿ ತಿದ್ದಿಕೊಳ್ಳುವುದು ಅನಿವಾರ್ಯ.