ತೆಂಗಿನಕಾಯಿ ಕೂತಲ್ಲೇ ಇರುತ್ತೆ, ಬಿಲ್ಲೆ ಹಾರುತ್ತೆ!

ಮಡಿಕೇರಿ: ಕೈಲ್ ಪೊಳ್ದ್ ಬಂತೆಂದರೆ ಕೊಡಗಿನಲ್ಲಿ ಕೋವಿಗೆ ಪೂಜೆ. ಅದರ ಬೆನ್ನಿಗೇ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು. ಇದು ತಲೆತಲಾಂತರದ ಆಟ. ಆದರೆ ಒಲಿಂಪಿಕ್ಸ್‌ನ ಟ್ರ್ಯಾಪ್, ಸ್ಕೀಟ್ ಪಂದ್ಯಗಳ ಆಟವೇ ಬೇರೆ. ಅಲ್ಲಿ ಗುರಿ ನಿಂತಿರುವುದಿಲ್ಲ, ಹಾರಿ ಹೋಗುತ್ತಿರುತ್ತದೆ. ತೆಂಗಿನಕಾಯಿ ಉರುಳಿಸಿದ ಕೈಯೇ ಇಲ್ಲಿ ಬಿಲ್ಲೆ ತಪ್ಪಿಸಿಕೊಂಡು ಪೆಚ್ಚಾಗುವುದುಂಟು. ಬಹಳ ಸಲ ತಪ್ಪು ಕೈಯದ್ದಲ್ಲ, ಮೈಗೆ ಹೊಂದದ ಕೋವಿಯದ್ದು.

ಹೆಸರಿಗೆ ಮಣ್ಣಿನ ಬಿಲ್ಲೆ. ನಿಜದಲ್ಲಿ ಅದು ಸುಣ್ಣಕಲ್ಲಿನ ಪುಡಿ ಮತ್ತು ಪಿಚ್ ಸೇರಿಸಿ ಮಾಡಿದ್ದು. ಅಗಲ 110 ಮಿ.ಮೀ., ತೂಕ 105 ಗ್ರಾಂ. ಯಂತ್ರ ಚಿಮ್ಮಿಸಿದಾಗ ಅದರ ವೇಗ ನಮ್ಮ ಘಾಟಿ ರಸ್ತೆಯ ಯಾವ ಬಸ್ಸಿಗೂ ಬಾರದು. ಇಂಥದ್ದಕ್ಕೆ 12 ಬೋರ್ ಕೋವಿಯಿಂದ ಸೀಸದ ಚರೆ ಹಾರಿಸಬೇಕು. ಒಂದು ತೋಟೆಯಲ್ಲಿ ಚರೆ 24 ಗ್ರಾಂ ಮೀರುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ.

ಕಣ್ಣೇ ಹಿಂದಿನ ಗುರಿ

ರೈಫಲ್ಲಿಗೆ ಹಿಂದೊಂದು ಮುಂದೊಂದು ಗುರಿಕಡ್ಡಿ ಇರುತ್ತದೆ. ಚರೆ ಕೋವಿಗೆ ಮುಂದೆ ಒಂದು ಮಣಿ, ಅಷ್ಟೇ. ಹಿಂದಿನ ಗುರಿಯ ಕೆಲಸ ಹೊಡೆಯುವವನ ಕಣ್ಣಿನದು. ಕೆನ್ನೆ ಪ್ರತಿ ಸಲವೂ ಮರದ ಮೇಲೆ ಒಂದೇ ಜಾಗದಲ್ಲಿ ಕೂತರೆ ಕಣ್ಣೂ ಒಂದೇ ಜಾಗದಲ್ಲಿ ಇರುತ್ತದೆ. ಕೂರದಿದ್ದರೆ ಗುಂಡು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಆದ್ದರಿಂದ ಕೋವಿ ಕೊಳ್ಳುವುದು ರೆಡಿಮೇಡ್ ಅಂಗಿ ಕೊಂಡ ಹಾಗಲ್ಲ, ದರ್ಜಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ.

ಮೊದಲು ಮರದ ಉದ್ದ. ಮೊಣಕೈ ಮಡಚಿ ಅದರೊಳಗೆ ಕೋವಿಯ ಬುಡ ಇಟ್ಟು, ಬೆರಳು ಟ್ರಿಗರ್‌ಗೆ ತಾಗಿದರೆ ‘ಸರಿಯಾಯ್ತು’ ಅನ್ನುವುದು ಅಂಗಡಿಗಳ ಹಳೆಯ ಪದ್ಧತಿ. ಅದನ್ನು ನಂಬುವ ಹಾಗಿಲ್ಲ. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು ಹೆಗಲಿಗೇರಿಸಿ. ಹೆಬ್ಬೆರಳ ಬುಡಕ್ಕೂ ಮೂಗಿಗೂ ಮಧ್ಯೆ ಎರಡು ಬೆರಳಷ್ಟು ಜಾಗ ಉಳಿಯಬೇಕು. ಉದ್ದ ಹೆಚ್ಚಾದರೆ ಬುಡ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹೆಬ್ಬೆರಳು ಮೂಗಿಗೆ ಗುದ್ದುತ್ತದೆ. ಮಳೆಗಾಲದ ದಪ್ಪ ಕೋಟು ತೊಟ್ಟರೆ ಈ ಲೆಕ್ಕವೇ ಬದಲು. ಯಾವ ಬಟ್ಟೆಯಲ್ಲಿ ಆಡುತ್ತೀರೋ ಅದನ್ನೇ ತೊಟ್ಟು ನೋಡಬೇಕು.

ಎರಡನೆಯದು ಕೆನ್ನೆ ಕೂರುವ ಎತ್ತರ. ಕಣ್ಣು ಮುಚ್ಚಿ ಕೋವಿ ಏರಿಸಿ, ಆಮೇಲೆ ಕಣ್ಣು ಬಿಡಿ. ನಳಿಗೆಯ ಮೇಲಿನ ಪಟ್ಟಿ ಕಾಣದೆ ಹಿಂಭಾಗದ ಕಬ್ಬಿಣವೇ ಅಡ್ಡ ಬಂದರೆ ಮರ ತಗ್ಗು. ಪಟ್ಟಿ ರಸ್ತೆಯಂತೆ ಉದ್ದಕ್ಕೂ ಕಂಡರೆ ಎತ್ತರ ಹೆಚ್ಚು.

ಮೂರನೆಯದು ಯಾವ ಕಣ್ಣು ಯಜಮಾನ ಎಂಬುದು. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ, ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೇ ಇದ್ದರೆ ಬಲಗಣ್ಣು ಯಜಮಾನ. ಪಕ್ಕಕ್ಕೆ ಸರಿದರೆ ಎಡಗಣ್ಣು. ಬಲಹೆಗಲು, ಎಡಗಣ್ಣು ಆದರೆ ಕನ್ನಡಕದ ಎಡಗಾಜಿಗೆ ಚೂರು ಟೇಪು ಅಂಟಿಸುವುದು ಸುಲಭದ ಮದ್ದು.

ಹದಿನಾರು ಗಜದ ಪರೀಕ್ಷೆ

ಅಳತೆ ಸರಿಯೇ ಎಂದು ಹೇಳುವುದು ಅಂಗಡಿಯವನಲ್ಲ, ಬಿಳಿ ಹಲಗೆ. ರೇಂಜಿನಲ್ಲಿ 16 ಗಜ ದೂರದಿಂದ, ಲೆಕ್ಕ ಹಾಕದೆ, ಕೋವಿ ಏರಿಸಿದ ತಕ್ಷಣ ಒಂದೇ ಗುರುತಿಗೆ ಐದಾರು ಗುಂಡು ಹೊಡೆಯಬೇಕು. ಚರೆಯ ಗುಂಪು ಒಂದು ಇಂಚು ಸರಿದಿದ್ದರೆ ಮರದಲ್ಲಿ ಇಂಚಿನ 16ನೇ ಒಂದು ಪಾಲು ತಿದ್ದಬೇಕು. ಎರಡಿಂಚು ಎಡಕ್ಕೆ ಹೋಗಿದ್ದರೆ ಮರ ಬಲಕ್ಕೆ ಇಂಚಿನ ಎಂಟನೇ ಒಂದು ಪಾಲು.

ಟ್ರ್ಯಾಪೋ, ಸ್ಕೀಟೋ?

ಟ್ರ್ಯಾಪಿನಲ್ಲಿ ಬಿಲ್ಲೆ ಎದುರಿನ ಹಳ್ಳದಿಂದ ಎದ್ದು ದೂರ ಓಡುತ್ತದೆ. ಅದಕ್ಕೆ 30–32 ಇಂಚಿನ ನಳಿಗೆ, ಚರೆ ಬೇಗ ಚದುರದಂತೆ ಬಿಗಿ ಚೋಕ್, ತುಸು ಮೇಲಕ್ಕೇ ಹೊಡೆಯುವ ಕೋವಿ ಬೇಕು. ಸ್ಕೀಟಿನಲ್ಲಿ ಎರಡು ಗೋಪುರಗಳಿಂದ ಬಿಲ್ಲೆ ಅಡ್ಡ ಹಾಯುತ್ತದೆ. ಹೊಡೆತ ಹತ್ತಿರದ್ದು, ಚೋಕ್ ಸಡಿಲ. ಬಿಲ್ಲೆ ಕಾಣುವವರೆಗೆ ಕೋವಿ ಸೊಂಟದ ಬಳಿಯೇ ಇರಬೇಕಾದ್ದರಿಂದ ಮರ ಬಟ್ಟೆಗೆ ಸಿಕ್ಕದೆ ಮೇಲೇರಬೇಕು. ಮೊದಲು ಆಟ ಗೊತ್ತುಮಾಡಿ, ಆಮೇಲೆ ಕೋವಿ. ತೀರಾ ಹಗುರ ಕೋವಿಯೂ ಬೇಡ. ಹಗುರವಾದಷ್ಟೂ ಹೆಗಲಿಗೆ ಪೆಟ್ಟು ಜಾಸ್ತಿ.

ತಾತನ ಕೋವಿ ಜೋಪಾನ

ಕೊಡಗಿನವರು ಮುಖ್ಯವಾಗಿ ನೋಡಬೇಕಾದ ವಿಷಯ ಇದು. ಅಟ್ಟದಲ್ಲಿರುವ ಹಳೆಯ ಜೋಡಿ ನಳಿಗೆ ಕೋವಿಗಳಲ್ಲಿ ಕೆಲವಕ್ಕೆ ತೋಟೆ ಕೂರುವ ಜಾಗ ಎರಡೂವರೆ ಇಂಚು ಮಾತ್ರ. ಇಂದಿನ ತೋಟೆ ಸಾಮಾನ್ಯವಾಗಿ ಎರಡೂ ಮುಕ್ಕಾಲು ಇಂಚಿನದು. ಮೋಸ ಇರುವುದೇ ಇಲ್ಲಿ: ಮಡಚಿದ ಬಾಯಿಯ ತೋಟೆ ಒಳಗೆ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕಬ್ಬಿಣ ಉಕ್ಕು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆಗೆ ಇಂದಿನ ತೋಟೆ ಹಾಕಲೇಬಾರದು. ನಳಿಗೆ ಸೀಳಿದರೆ ಹೋಗುವುದು ಎಡಗೈ. ಅದು ಪೂಜೆಗಿರಲಿ, ಪಂದ್ಯಕ್ಕೆ ಬೇಡ. ಇತರ ಹಳೆಯ ಕೋವಿಯನ್ನೂ ಬಲ್ಲ ಕಮ್ಮಾರನಿಗೆ ತೋರಿಸದೆ ಮುಟ್ಟಬಾರದು.

ಕಾಗದದ ವಿಷಯವೂ ಇದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಉಳಿದವರಿಗೆ ಪರವಾನಗಿ ಬೇಕೇ ಬೇಕು. ಅದು ಕೈಗೆ ಬರುವ ಮೊದಲು ಯಾರಿಗೂ ಮುಂಗಡ ಕೊಡುವುದು ಬೇಡ.

2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಇದೇ ಬಿಲ್ಲೆ ಒಡೆದು. ಕೋವಿ ಪೂಜಿಸುವ ನೆಲದ ಹುಡುಗರಿಗೆ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಮೊದಲ ಖರ್ಚು ಕೋವಿಗಲ್ಲ, ಕಿವಿಯ ಮುಚ್ಚಳಕ್ಕೆ ಮತ್ತು ಕನ್ನಡಕಕ್ಕೆ. ಎರಡನೆಯದು ರೇಂಜಿನಲ್ಲಿ ನಾಲ್ಕು ದಿನ ಬೇರೆಬೇರೆ ಕೋವಿ ಹಿಡಿದು ನೋಡುವುದಕ್ಕೆ. ಲಕ್ಷಗಟ್ಟಲೆ ಸುರಿಯುವ ಮಾತು ಆಮೇಲಿನದು.