ಚರ್ಮದ ಹುಳಿ ಕೆಡಿಸಬೇಡಿ
ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಔಷಧಿ ಅಂಗಡಿಗೆ ಹೋಗಿ ನೋಡಿ. ಶೇ 99.9 ಕೀಟಾಣು ಕೊಲ್ಲುವ ಸೋಪಿನ ಪಕ್ಕದಲ್ಲೇ ‘ಮೈಕ್ರೋಬಯೋಮ್’ ಪೋಷಿಸುವ ಕ್ರೀಮು ಕೂತಿರುತ್ತದೆ. ಒಂದು ಚರ್ಮದ ಸೂಕ್ಷ್ಮಜೀವಿಗಳನ್ನು ಸಾಯಿಸುತ್ತೇನೆ ಎನ್ನುತ್ತದೆ, ಇನ್ನೊಂದು ಸಾಕುತ್ತೇನೆ ಎನ್ನುತ್ತದೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಳ್ಳುವವರಿಗೇನೂ ಕಡಿಮೆಯಿಲ್ಲ. ಆದರೆ ಈ ಜೀವಿಗಳಿಗೆ ನಾವು ಹೊಸದಾಗಿ ಏನನ್ನೂ ಬಡಿಸಬೇಕಿಲ್ಲ. ಅವು ಇರುವ ಜಾಗದ ಹುಳಿಯನ್ನು ಕೆಡಿಸದಿದ್ದರೆ ಸಾಕು.

ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಅಂದರೆ ತುಸು ಹುಳಿ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾ ನಮ್ಮೆಲ್ಲರ ಮೈಮೇಲೂ ಇದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಜಾಣತನವನ್ನು ತೋರಿಸಿತು. ಅದು ಒಂದು ಕಿಣ್ವವನ್ನು ಸ್ರವಿಸಿ ನಮ್ಮ ಚರ್ಮದ ಕೊಬ್ಬನ್ನು ಒಡೆಯುತ್ತದೆ. ಒಡೆದ ಒಂದು ತುಂಡು ಅದರ ಊಟ. ಉಳಿದದ್ದು ಸೆರಮೈಡ್, ಚರ್ಮದ ತೇವ ಆರದಂತೆ ಕಾಯುವ ವಸ್ತು. ದುಬಾರಿ ಕ್ರೀಮುಗಳ ಲೇಬಲ್ಲಿನಲ್ಲಿ ಮೆರೆಯುವ ಅದೇ ಸೆರಮೈಡ್! ನಾವೇ ಅದನ್ನು ತಯಾರಿಸಿಕೊಳ್ಳಲು ಬೇಕಾದ ಕಿಣ್ವಗಳೂ ಹುಳಿಯಲ್ಲೇ ಚುರುಕು. ಹುಳಿ ಇಳಿದರೆ ಲಾಭ ಯಾರಿಗೆ? ಎಕ್ಸಿಮಾ ಕೆರಳಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ಗೆ.

ಈಗ ಸೋಪಿನ ಮಾತು. ನೂರು ವರ್ಷ ದಾಟಿದ ನಮ್ಮ ಮೈಸೂರು ಸ್ಯಾಂಡಲ್‌ನ ಹೊದಿಕೆಯಲ್ಲಿ ಟಿಎಫ್‌ಎಂ ಶೇ 80 ಎಂದಿರುತ್ತದೆ. ಒಳ್ಳೆಯ ದರ್ಜೆಯೇ. ಆದರೆ ಆ ಅಂಕಿ ಹೇಳುವುದು ಕೊಬ್ಬಿನಂಶವನ್ನು, ಪಿಎಚ್ಚನ್ನಲ್ಲ. ಯಾವ ಕಂಪನಿಯದೇ ಆಗಲಿ, ಅಸಲಿ ಸೋಪು ಕ್ಷಾರೀಯವೇ: ಪಿಎಚ್ 9ರಿಂದ 10. ಅದಕ್ಕೆ ಹುಳಿ ಬೆರೆಸಿದರೆ ಕೊಬ್ಬಿನಾಮ್ಲ ಬೇರ್ಪಟ್ಟು ಸೋಪು ಸೋಪಾಗಿ ಉಳಿಯುವುದಿಲ್ಲ. 5ಕ್ಕೂ 10ಕ್ಕೂ ಐದೇ ಅಂತರ ಎನ್ನಬೇಡಿ. ಪಿಎಚ್ ಲೆಕ್ಕದಲ್ಲಿ ಅದು ಲಕ್ಷ ಪಟ್ಟು. ಮೇಲಾಗಿ ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟಿನ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಬೋರ್‌ವೆಲ್, ಟ್ಯಾಂಕರಿನ ಗಡಸು ನೀರೇ ಗತಿ. ಅದರ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ಬೂದು ಗೆರೆ ಕಟ್ಟುವುದು ಅದೇ, ಮೈಗೆ ಅಂಟಿ ಉಳಿಯುವುದೂ ಅದೇ.

ಅಜ್ಜಿ ಕಾಲದಿಂದ ಸೋಪು ಹಚ್ಚಿ ಏನಾಗಿದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಗಟ್ಟಿಮುಟ್ಟಾದವರ ಚರ್ಮ ಕೆಲವು ಗಂಟೆಗಳಲ್ಲಿ ಹುಳಿಯನ್ನು ಮರಳಿ ಪಡೆಯುತ್ತದೆ. ಹಸುಗೂಸು, ವೃದ್ಧರು, ಎಕ್ಸಿಮಾ ಇರುವವರ ಚರ್ಮಕ್ಕೆ ಆ ತಾಕತ್ತು ಕಡಿಮೆ. ಕೈಗೆ ಸೋಪು ಬೇಕೇ ಬೇಕು. ಅಲ್ಲಿ ತೊಳೆಯುವುದು ಹೊರಗಿನಿಂದ ಅಂಟಿಬಂದ ರೋಗಾಣುಗಳನ್ನು. ಮಿಕ್ಕಂತೆ ಕಂಕುಳು, ತೊಡೆಸಂದು, ಪಾದಕ್ಕೆ ಸೋಪು ಸಾಕು. ಬ್ಯಾಕ್ಟೀರಿಯಾ ನಾಶಕ ಸೋಪಂತೂ ಬೇಡವೇ ಬೇಡ. ಮಾಮೂಲಿ ಸೋಪು-ನೀರಿಗಿಂತ ಅದು ಮೇಲೆಂದು ತಯಾರಕರು ರುಜುವಾತು ಮಾಡದ್ದರಿಂದ ಅಮೆರಿಕದ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅಂಥ ಸೋಪುಗಳಿಂದ ಹೊರಹಾಕಿತು.

ಪ್ರೊಬಯೋಟಿಕ್ ಕ್ರೀಮು? ನೀರಿನಂಶವಿರುವ ಕ್ರೀಮಿಗೆ ಸಂರಕ್ಷಕ ಬೇಕು, ಸಂರಕ್ಷಕದ ಕೆಲಸವೇ ಬ್ಯಾಕ್ಟೀರಿಯಾ ತಡೆಯುವುದು. ಹಾಗಾಗಿ ಹೆಚ್ಚಿನವುಗಳಲ್ಲಿ ಇರುವುದು ಸತ್ತ ಬ್ಯಾಕ್ಟೀರಿಯಾಗಳ ಚೂರು. ಹುಳಿಯೇ ಬೇಕಲ್ಲ ಎಂದು ಮುಖಕ್ಕೆ ನಿಂಬೆ ತಿಕ್ಕುವುದು ಇನ್ನೂ ದಡ್ಡತನ: ಅದರ ಪಿಎಚ್ 2ರ ಆಸುಪಾಸು, ಬಿಸಿಲು ಬಿದ್ದರೆ ಚರ್ಮ ಸುಟ್ಟು ಕಪ್ಪಾದೀತು. ಎಲ್ಲಕ್ಕಿಂತ ಕೆಟ್ಟದ್ದು ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬು. ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ತುರಿಕೆಗೆಂದು ಅಂಗಡಿಯವರು ಹಾಗೇ ಕೊಟ್ಟರೆ ದಯವಿಟ್ಟು ವಾಪಸು ಕೊಟ್ಟು, ಚರ್ಮರೋಗ ವೈದ್ಯರನ್ನು ಕಾಣಿ.